ಲಂಡನ್ನಿನಲ್ಲಿ ಹೈಸ್ಕೂಲು ಹುಡುಕುವ ಮುನ್ನ ಹ್ಯಾಕ್ನಿ ಡೌನ್ಸ್ ಕಥೆ ಕೇಳಿ

ಬಂದಿಳಿದ ವಾರದಲ್ಲೇ ನಮ್ಮವರು ಕೇಳುವುದು ಒಂದೇ: ಯಾವ ಸ್ಕೂಲಿಗೆ ಒಳ್ಳೆ ಹೆಸರಿದೆ? ಆ ಹೆಸರು ಯಾವ ಕಾಲದ್ದು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾವು ಮಾಡುವ ಮೊದಲ ತಪ್ಪೇ ಇದು.

ಪೂರ್ವ ಲಂಡನ್ನಿನ ಹ್ಯಾಕ್ನಿ ಡೌನ್ಸ್ ಶಾಲೆಯನ್ನೇ ನೋಡಿ. 1876ರಲ್ಲಿ ಲಂಡನ್ನಿನ ಹಳೆಯ ವರ್ತಕರ ಸಂಘವಾದ ಗ್ರೋಸರ್ಸ್ ಕಂಪನಿ ಕಟ್ಟಿಸಿದ್ದು. ಆಮೇಲೆ ಪರೀಕ್ಷೆ ಪಾಸಾದ ಹುಡುಗರಿಗಷ್ಟೇ ಪ್ರವೇಶವಿದ್ದ ಗ್ರಾಮರ್ ಶಾಲೆಯಾಯಿತು. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಇಲ್ಲಿ ಬೆಳಗಿದರು. ಇಲ್ಲಿ ಓದಿದ ದರ್ಜಿಯ ಮಗ, ನಾಟಕಕಾರ ಹೆರಾಲ್ಡ್ ಪಿಂಟರ್ 2005ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು. 1969ರಲ್ಲಿ ಕಾಂಪ್ರಹೆನ್ಸಿವ್ ಆಯಿತು, ಅಂದರೆ ಸೋಸದೆ ಎಲ್ಲರನ್ನೂ ಸೇರಿಸಿಕೊಳ್ಳುವ ಶಾಲೆ. 1995ರ ಹೊತ್ತಿಗೆ ಪತ್ರಿಕೆಗಳು ಅದನ್ನು ದೇಶದ ಅತಿ ಕೆಟ್ಟ ಶಾಲೆ ಎಂದು ಬರೆದವು. ಆ ಡಿಸೆಂಬರಿನಲ್ಲಿ ಸರ್ಕಾರ ಬಾಗಿಲು ಹಾಕಿಸಿತು. ಅದೇ ಜಾಗದಲ್ಲಿ 2004ರಲ್ಲಿ ಮಾಸ್‌ಬೋರ್ನ್ ಅಕಾಡೆಮಿ ಎದ್ದಿತು. ಅದೂ ಎಲ್ಲರ ಶಾಲೆಯೇ, ಫೀಸಿಲ್ಲ. ಕೆಲವೇ ವರ್ಷಗಳಲ್ಲಿ ಸೀಟಿಗೆ ಪೈಪೋಟಿ ಶುರುವಾಯಿತು; ಮುಖ್ಯೋಪಾಧ್ಯಾಯರಾಗಿದ್ದ ಮೈಕೆಲ್ ವಿಲ್ಶಾ 2012ರಲ್ಲಿ ಶಾಲಾ ತಪಾಸಣೆಯ ಆಫ್‌ಸ್ಟೆಡ್‌ಗೇ ಮುಖ್ಯಸ್ಥರಾದರು. ಬೀದಿ ಅದೇ, ಬಡತನವೂ ಹೆಚ್ಚುಕಡಿಮೆ ಅದೇ. ಹಾಗಾಗಿ ಹತ್ತು ವರ್ಷದ ಹಿಂದೆ ಯಾರೋ ಹೇಳಿದ್ದನ್ನು ನಂಬಬೇಡಿ; ಇತ್ತೀಚಿನ ಆಫ್‌ಸ್ಟೆಡ್ ವರದಿ ಓದಿ, ಶರತ್ಕಾಲದ ಓಪನ್ ಡೇಗೆ ಮಗುವನ್ನೂ ಕರೆದುಕೊಂಡು ಹೋಗಿ.

ಎರಡನೆಯ ತಪ್ಪು ಇನ್ನೂ ದುಬಾರಿ: ಮನೆ ಬಾಡಿಗೆಗೆ ಹಿಡಿದ ಮೇಲೆ ಶಾಲೆ ನೋಡುವುದು. ಬಹಳಷ್ಟು ಕಡೆ ಸೀಟು ನಿರ್ಧಾರವಾಗುವುದು ಮನೆಯಿಂದ ಶಾಲೆಗಿರುವ ದೂರದ ಮೇಲೆ. ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರದ ಮಗುವಿಗೆ ಸಿಕ್ಕಿತೆಂದು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಲ್ಲಿ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ. ಕೆಲವು ಶಾಲೆಗಳಲ್ಲಿ ಬ್ಯಾಂಡಿಂಗ್ ಪರೀಕ್ಷೆ ಇರುತ್ತದೆ. ಅದರಲ್ಲಿ ಪಾಸು ಫೇಲು ಇಲ್ಲ, ಎಲ್ಲ ಮಟ್ಟದ ಮಕ್ಕಳನ್ನೂ ತೆಗೆದುಕೊಳ್ಳಲೆಂದೇ ಅದು. ಟ್ಯೂಷನ್ನಿಗೆ ಸುರಿದ ಹಣ ದಂಡ. ಅರ್ಜಿಗೆ ಅಕ್ಟೋಬರ್ 31 ಕೊನೆ, ಉತ್ತರ ಮಾರ್ಚ್ 1ರ ಸುಮಾರಿಗೆ. ಲಂಡನ್ನಿನಲ್ಲಿ ಆರು ಶಾಲೆ ಬರೆಯಬಹುದು, ಆರನ್ನೂ ಬರೆಯಿರಿ. ಒಂದನ್ನೇ ಬರೆದರೆ ಆ ಸೀಟು ನಿಮಗೇ ಎಂದೇನಿಲ್ಲ.

ಊರಲ್ಲಿ ಸರ್ಕಾರಿ ಶಾಲೆಯನ್ನು ದಾಟಿ ಕಾನ್ವೆಂಟಿಗೆ ಹೋದವರು ನಾವು. ಇಲ್ಲಿ ಮಗು ಅಕ್ಕಪಕ್ಕದ ಬೀದಿಯ ಮಕ್ಕಳ ಜೊತೆ ನಡೆದೇ ಶಾಲೆಗೆ ಹೋದರೆ ಈ ಊರು ಅದಕ್ಕೆ ತನ್ನದೆನಿಸುತ್ತದೆ. ಕನ್ನಡ ಮಾತ್ರ ಶಾಲೆಯಿಂದ ಬರುವುದಿಲ್ಲ. ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆಯಾದ ಜಿಸಿಎಸ್‌ಇಯಲ್ಲಿ ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡವಿಲ್ಲ. ಅಕ್ಷರ ತಿದ್ದಿಸುವುದು ರಾತ್ರಿ ಊಟವಾದ ಮೇಲೆ, ನಿಮ್ಮ ಕೈಯಲ್ಲೇ ಆಗಬೇಕು.