ಕನ್ನಡ ಹುಡುಕಾಟ: ಪದ ಒಡೆಯುವಲ್ಲೇ ಎಡವಬೇಡಿ

ಬಸವನಗುಡಿಯ ಗೆಳೆಯರೊಬ್ಬರ ಮನೆ ತುಂಬ ಪುಸ್ತಕ. ಆ ಪಟ್ಟಿಯಲ್ಲಿ ಹುಡುಕಲು ಅವರ ಅಳಿಯ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ‘ಬೆಂಗಳೂರು’ ಎಂದು ಟೈಪ್ ಮಾಡಿದರೆ ‘ಬೇರುಗಳ ಕಷಾಯ’ ಎಂದಿದ್ದ ಮನೆಮದ್ದಿನ ಪುಸ್ತಕ ಬಂತು! ಇಂಥ ಎಡವಟ್ಟು ನಾನು ನೋಡಿದ್ದು ಇದು ಮೂರನೇ ಸಲ.

ಹುಡುಕಾಟದ ತತ್ವ ಸರಳ. ದಪ್ಪ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಪದದ ಮುಂದೆ ಪುಟಸಂಖ್ಯೆ, ಅದೇ. ಅದನ್ನು ಇಡಲು ಒಂದು ಕೀ-ವ್ಯಾಲ್ಯೂ ಸ್ಟೋರ್ ಬೇಕು, ಅಂದರೆ ಪ್ರತಿ ಹೆಸರಿನ (ಕೀ) ಎದುರು ಒಂದು ಮಾಹಿತಿ (ಮೌಲ್ಯ) ಇಡುವ ಕಣಜ. ನನ್ನ ಆಯ್ಕೆ ಲೆವೆಲ್‌ಡಿಬಿ: ಸರ್ವರ್ ಬೇಡ, ಒಂದು ಫೋಲ್ಡರ್ ಸಾಕು, ಕೀಗಳನ್ನು ಸದಾ ಅನುಕ್ರಮವಾಗಿ ಜೋಡಿಸಿಡುತ್ತದೆ. (ಐನೂರೇ ಪುಸ್ತಕವಿದ್ದರೆ ಈ ರಗಳೆಯೇ ಬೇಡ, ಪ್ರತಿ ಸಲ ಎಲ್ಲ ಸಾಲು ಓದಿಸಿದರಾಯಿತು.)

ಮೊದಲು ಪ್ರತಿ ಪುಸ್ತಕಕ್ಕೂ ಸಂಖ್ಯೆ ಕೊಟ್ಟು, ವಿವರವನ್ನು ‘ಪುಸ್ತಕ:12’ ಎಂಬ ಕೀ ಕೆಳಗಿಡಿ.

ಎರಡನೆಯದು ಆ ವಿವರವನ್ನು ಪದಪದವಾಗಿ ಒಡೆಯುವುದು. ಮುಗ್ಗರಿಸುವುದೆಲ್ಲ ಇಲ್ಲೇ. ಪೈಥಾನ್ ಭಾಷೆಯ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ‘ಪದದ ಅಕ್ಷರ’ ಎಂಬರ್ಥದ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ (\w) ಬಳಸಿದರೆ ಅದರ ಲೆಕ್ಕದಲ್ಲಿ ನಮ್ಮ ಕೊಂಬು, ಏತ್ವ, ಸೊನ್ನೆ ಯಾವುವೂ ಅಕ್ಷರವೇ ಅಲ್ಲ. ‘ಬೆಂಗಳೂರು’ ಹೋಗಿ ‘ಬ’, ‘ಗಳ’, ‘ರ’ ಎಂದು ಮೂರು ಚೂರಾಗುತ್ತದೆ. ‘ಬೇರುಗಳ’ ಒಡೆದು ನೋಡಿ, ಅವೇ ಮೂರು ಚೂರು! ಖಾಲಿ ಜಾಗ, ವಿರಾಮಚಿಹ್ನೆಗಳಲ್ಲಿ ಮಾತ್ರ ಕತ್ತರಿಸಿ.

ಅದಕ್ಕೂ ಮುಂಚೆ ಪಠ್ಯ ತೊಳೆಯಬೇಕು. ‘ಸಾಫ್ಟ್‌ವೇರ್’ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರುತ್ತದೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಕಿತ್ತುಹಾಕಿ. ‘ಕೋ’ ಅಕ್ಷರದ ಓತ್ವ ಒಂದೇ ಕೋಡ್ ಆಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಎಲ್ಲವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಒಂದೇ ಕೋಡ್ ಆಗಿ ಕೂಡಿಸಿದ ರೂಪಕ್ಕೆ, ತನ್ನಿ. ಹುಡುಕುವವರು ಟೈಪ್ ಮಾಡಿದ ಪದಕ್ಕೂ ಇದೇ ಸ್ನಾನ ಆಗಬೇಕು. ಹಳೇ ಆಸ್ಕಿ ಫಾಂಟಿನ (ಇಂಗ್ಲಿಷ್ ಅಕ್ಷರಗಳ ಕೋಡ್‌ಗೇ ಕನ್ನಡದ ಆಕಾರ ತೊಡಿಸಿದ್ದು) ಕಡತವನ್ನಂತೂ ಯೂನಿಕೋಡ್‌ಗೆ ಬದಲಿಸದೆ ಒಳಗೇ ಬಿಡಬೇಡಿ.

ಆಮೇಲೆ ಪ್ರತಿ ಪದಕ್ಕೂ ‘ಪದ:ಬೆಂಗಳೂರಿನಲ್ಲಿ:12’ ಎಂಬಂತೆ ಕೀ ಬರೆಯಿರಿ, ಮೌಲ್ಯ ಖಾಲಿ. ಒಂದೇ ಕೀ ಕೆಳಗೆ ಸಂಖ್ಯೆಗಳನ್ನೆಲ್ಲ ತುಂಬುವವರಿದ್ದಾರೆ. ‘ಮತ್ತು’ವಿನ ಪಟ್ಟಿ ಉಬ್ಬುತ್ತ ಹೋಗಿ, ಒಂದು ಸಂಖ್ಯೆ ಸೇರಿಸಲು ಪೂರ್ತಿ ಓದಿ ಪೂರ್ತಿ ಬರೆಯಬೇಕಾಗುತ್ತದೆ.

ಹುಡುಕುವಾಗ ವಿಭಕ್ತಿಗಳ ಕಾಟ. ನನ್ನ ಅಡ್ಡದಾರಿ: ಪದದ ಕೊನೆಯ ಉಕಾರ ಮಾತ್ರ ಕಳಚಿ, ‘ಪದ:ಬೆಂಗಳೂರ’ದಿಂದ ಶುರುವಾಗುವ ಕೀಗಳನ್ನೆಲ್ಲ ಓದಿ. ಬೆಂಗಳೂರಿಗೆ, ಬೆಂಗಳೂರಿನ, ಬೆಂಗಳೂರಲ್ಲಿ, ಎಲ್ಲವೂ ಸಾಲಾಗಿ ಸಿಗುತ್ತವೆ. ‘ಮನೆ’ಯ ಎತ್ವ ಕಳಚಿದಿರೋ, ‘ಮನಸ್ಸು’ ನುಗ್ಗುತ್ತದೆ. ‘ಮರ’ದಂಥ ಪುಟ್ಟ ಪದಕ್ಕೆ ‘ಮರಣ’ವೂ ಬರುತ್ತದೆ, ಅಂಥವನ್ನು ಇದ್ದ ಹಾಗೇ ಹುಡುಕಿ.

ಎರಡು ಪದ ಕೊಟ್ಟರೆ ಎರಡೂ ಪಟ್ಟಿಯಲ್ಲಿರುವ ಸಂಖ್ಯೆ ಮಾತ್ರ ಉಳಿಸಿಕೊಳ್ಳಿ.

‘ಪುಸ್ತಕ:12’ರ ಜೊತೆ ಅದರ ಪದಗಳ ಪಟ್ಟಿಯನ್ನೂ ಇಟ್ಟಿರಿ, ಪುಸ್ತಕ ತೆಗೆದಾಗ ಅದರ ‘ಪದ:’ ಕೀಗಳನ್ನೂ ಅಳಿಸಲು ಬೇಕು. ಅಳಿಯ ಇದನ್ನು ಮರೆತಿದ್ದ. ಹೋದ ವರ್ಷ ರದ್ದಿಗೆ ಹಾಕಿದ ಪಂಚಾಂಗ ಗೆಳೆಯರ ಪರದೆಯ ಮೇಲೆ ಈಗಲೂ ಬರುತ್ತಿದೆ.