ಮೇಲ್‌ನಲ್ಲಿ ತಾರೀಖು ಸರಿಯಾಗಿ ಕಾಣಲಿ: ಬಳ್ಳಾರಿ ಸೀಮೆಯಿಂದ ಅಮೆರಿಕಕ್ಕೆ ಹೊರಟವರಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಓದಲೆಂದೋ ಕೆಲಸಕ್ಕೆಂದೋ ಅಮೆರಿಕಕ್ಕೆ ಹೊರಟ ಹುಡುಗ ಹುಡುಗಿಯರು ಬಾಡಿಗೆ ಮನೆ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲದರ ಬಗ್ಗೆಯೂ ನನ್ನನ್ನು ಕೇಳುತ್ತಾರೆ. ಆದರೆ ಲ್ಯಾಪ್‌ಟಾಪಿನ ಮೇಲ್ ತಂತ್ರಾಂಶದಲ್ಲಿ ತಾರೀಖು ಯಾವ ಕ್ರಮದಲ್ಲಿ ಕಾಣುತ್ತಿದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಾನು ಸಿರುಗುಪ್ಪದವನು, ಡಲ್ಲಾಸ್ ಹತ್ತಿರ ನೆಲೆಸಿ ಹದಿನೆಂಟು ವರ್ಷಗಳಾದವು. ಇಲ್ಲಿ ಹೊಸಬರಿಗೆ ಆಗುವ ಸಣ್ಣಪುಟ್ಟ ನಷ್ಟಗಳಲ್ಲಿ ಹೆಚ್ಚಿನವು ತಾರೀಖನ್ನು ತಪ್ಪಾಗಿ ಓದಿದ್ದರಿಂದಲೇ ಆಗುತ್ತವೆ ಎಂಬುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ವಿಮಾನ ಹತ್ತುವ ಮೊದಲೇ, ಮನೆಯಲ್ಲಿ ಕುಳಿತು ಹದಿನೈದು ನಿಮಿಷದಲ್ಲಿ ಇದನ್ನು ಸರಿಪಡಿಸಿಕೊಳ್ಳಬಹುದು.

ಕಳೆದ ಡಿಸೆಂಬರಿನಲ್ಲಿ ರಜೆಗೆ ಬಂದಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಅವರು ಜೀನ್ಸ್ ಹೊಲಿಸುವ ವ್ಯಾಪಾರದವರು, ಅವರ ಮಗಳು ಮುಂದಿನ ತಿಂಗಳು ಎಂ.ಎಸ್. ಓದಲು ಹೊರಡುವವಳಿದ್ದಳು. ಮನೆಯಲ್ಲಿ ಎಲ್ಲರ ಮುಖವೂ ಬಾಡಿತ್ತು. ವಿದ್ಯಾರ್ಥಿನಿಲಯದ ಕೋಣೆಗೆ ಮುಂಗಡ ಹಣವನ್ನು ಈ ಮೇಲ್ ಬಂದ ಹತ್ತು ದಿನಗಳೊಳಗೆ ಕಟ್ಟಬೇಕು ಎಂದು ಬರೆದಿದ್ದ ಮೇಲ್ ಒಂದು ಇನ್‌ಬಾಕ್ಸಿನಲ್ಲಿತ್ತು, ಅದರ ಎದುರಿಗೆ 12/11/2025 ಎಂದು ಕಾಣುತ್ತಿತ್ತು. ಅಪ್ಪ ಅದನ್ನು ನವೆಂಬರ್ ಹನ್ನೆರಡು ಎಂದು ಓದಿ, ಗಡುವು ಮುಗಿದು ತಿಂಗಳಾಯಿತೆಂದು ಮಗಳ ಮೇಲೆ ಸಿಟ್ಟಾಗಿದ್ದರು. ನಾನು ಅದೇ ಪಟ್ಟಿಯಲ್ಲಿ ಎರಡು ಸಾಲು ಮೇಲೆ ನೋಡಿದೆ. ಅಲ್ಲಿದ್ದ ಇನ್ನೊಂದು ಮೇಲ್‌ಗೆ 12/15/2025 ಎಂದಿತ್ತು. ಹದಿನೈದನೇ ತಿಂಗಳು ಎಂಬುದು ಇಲ್ಲವಷ್ಟೆ? ಅಂದರೆ ಈ ಲ್ಯಾಪ್‌ಟಾಪಿನ ಮೇಲ್ ತಂತ್ರಾಂಶ ತಿಂಗಳನ್ನು ಮೊದಲು ತೋರಿಸುತ್ತಿದೆ, ಆ ಮೇಲ್ ಬಂದದ್ದು ಡಿಸೆಂಬರ್ ಹನ್ನೊಂದಕ್ಕೆ, ಹಣ ಕಟ್ಟಲು ಇನ್ನೂ ದಿನಗಳಿವೆ ಎಂದಾಯಿತು. ಆ ಹುಡುಗಿ ಉಸಿರು ಬಿಟ್ಟು "ಮಾಮಾ, ಹಂಗಾದ್ರೆ ಇದನ್ನ ನಮ್ಮ ಪದ್ಧತಿಗೆ ತಿರುಗಿಸೋಕೆ ಬರ್ತದೇನು?" ಎಂದು ಕೇಳಿದಳು. ಈ ಬರಹ ಅವಳ ಪ್ರಶ್ನೆಗೆ ಉತ್ತರ.

ಮೊದಲು ಗೊಂದಲದ ಬೇರನ್ನು ತಿಳಿದುಕೊಳ್ಳಿ. ನಮ್ಮಲ್ಲಿ ಅಂಕಿಯಲ್ಲಿ ಬರೆಯುವಾಗ ದಿನ ಮೊದಲು, ಆಮೇಲೆ ತಿಂಗಳು, ಕೊನೆಗೆ ಇಸವಿ. ಪಾಸ್‌ಪೋರ್ಟಿನಲ್ಲೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಹೀಗೆಯೇ ಇರುತ್ತದೆ. ಅಮೆರಿಕದಲ್ಲಿ ತಿಂಗಳು ಮೊದಲು. ಇದು ನಮಗೆ ತೀರ ಅಪರಿಚಿತವೂ ಅಲ್ಲ, ಏಕೆಂದರೆ ಮಾತಿನಲ್ಲಿ ನಾವೂ "ಮಾರ್ಚ್ ಎರಡನೇ ತಾರೀಖು" ಎಂದು ತಿಂಗಳನ್ನೇ ಮೊದಲು ಹೇಳುತ್ತೇವೆ, ಬರೆಯಲು ಕುಳಿತಾಗ ಮಾತ್ರ ಕೈ ತಾನಾಗಿಯೇ 02/03 ಎಂದು ಬರೆಯುತ್ತದೆ. ದಿನದ ಅಂಕಿ ಹದಿಮೂರು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಮಾತ್ರ ಎರಡು ಅರ್ಥಗಳೂ ಸಾಧ್ಯ. 1/1, 2/2 ಮುಂತಾದ ಹನ್ನೆರಡು ದಿನಗಳಲ್ಲಿ ಯಾವ ಕ್ರಮದಲ್ಲಿ ಓದಿದರೂ ಒಂದೇ ಆಗುವುದರಿಂದ ಅವನ್ನು ಬಿಟ್ಟರೆ, ವರ್ಷದಲ್ಲಿ 132 ದಿನಗಳ ತಾರೀಖು ಎರಡು ಬಗೆಯಾಗಿ ಓದಿಸಿಕೊಳ್ಳುತ್ತದೆ.

ಮೇಲ್ ತನ್ನೊಳಗೆ ಹೊತ್ತು ತರುವ ತಾರೀಖಿನಲ್ಲಿ ಈ ಗೊಂದಲ ಇರುವುದೇ ಇಲ್ಲ. ಇಂಟರ್‌ನೆಟ್ ಮೇಲ್‌ನ ಮಾದರಿಯನ್ನು ಗೊತ್ತುಪಡಿಸಿದ ನಿಯಮಪತ್ರಗಳಾದ 1982ರ ಆರ್‌ಎಫ್‌ಸಿ 822 ಮತ್ತು ಅದರ ಜಾಗಕ್ಕೆ ಮುಂದೆ ಬಂದ 2008ರ ಆರ್‌ಎಫ್‌ಸಿ 5322, ಎರಡರಲ್ಲೂ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಇಂಗ್ಲಿಷಿನ ಮೂರಕ್ಷರದ ಹೆಸರಿನಲ್ಲಿ ಬರೆಯಬೇಕೆಂಬ ನಿಯಮವಿದೆ, ಜೊತೆಗೆ ಕಳುಹಿಸಿದವರ ಗಡಿಯಾರ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಎಷ್ಟು ಹಿಂದೆ ಮುಂದೆ ಇದೆ ಎಂಬುದೂ ಇರುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಒಂದು ಮೇಲ್ ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಮೂಲ ಸಾಲನ್ನು ನೀವೇ ನೋಡಬಹುದು. ಬಳ್ಳಾರಿಯಿಂದ ಹೊರಟ ಮೇಲ್‌ನಲ್ಲಿ ಸಾಮಾನ್ಯವಾಗಿ ಆ ಸಾಲಿನ ಕೊನೆಗೆ +0530, ಅಂದರೆ ಐದೂವರೆ ಗಂಟೆ ಮುಂದೆ ಎಂದಿರುತ್ತದೆ. ಸಂಶಯ ಬಂದಾಗಲೆಲ್ಲ ಈ ಸಾಲನ್ನು ನೋಡಿದರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ. ಪಟ್ಟಿಯಲ್ಲಿ ಕಾಣುವ ಅಂಕಿಗಳನ್ನು ನಿಮ್ಮ ಕಂಪ್ಯೂಟರೇ ತನಗೆ ತಿಳಿದ ಕ್ರಮದಲ್ಲಿ ಜೋಡಿಸಿ ತೋರಿಸುತ್ತಿರುತ್ತದೆ. ಆದ್ದರಿಂದಲೇ ಬಳ್ಳಾರಿಯಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ ಒಂದು ಬಗೆ, ಅಮೆರಿಕದ ಕಚೇರಿ ಕೊಟ್ಟ ಕಂಪ್ಯೂಟರಿನಲ್ಲಿ ಇನ್ನೊಂದು ಬಗೆ ಕಾಣುತ್ತದೆ, ಮೇಲ್ ಮಾತ್ರ ಒಂದೇ.

ಅಮೆರಿಕದ ಕ್ರಮವನ್ನು ಕಿತ್ತುಹಾಕಿ ನಮ್ಮ ಕ್ರಮವನ್ನು ಕೂರಿಸಿದರೆ ಕೆಲಸ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆರು ತಿಂಗಳು ಅಲ್ಲಿದ್ದ ಮೇಲೆ ನಿಮ್ಮ ಕಣ್ಣು ತಿಂಗಳು ಮೊದಲಿರುವುದಕ್ಕೇ ಒಗ್ಗಿಕೊಳ್ಳುತ್ತದೆ, ಆಗ 03/02 ಎಂದು ಕಂಡರೆ ಇದು ಯಾವ ಪದ್ಧತಿ ಎಂದು ನೀವೇ ತಡವರಿಸುತ್ತೀರಿ. ತಿಂಗಳ ಹೆಸರು ಅಕ್ಷರದಲ್ಲಿ ಕಾಣುವಂತೆ ಮಾಡಿಕೊಳ್ಳಿ, ಇಲ್ಲವೇ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ 2026-03-02 ಎಂದು ಕಾಣಲಿ. ಇಸವಿ ಮೊದಲು ಬಂದಾಗ ಮುಂದಿನದು ತಿಂಗಳೇ ಎಂದು ಎಲ್ಲರೂ ಒಪ್ಪಿದ್ದಾರೆ. ನನ್ನ ಮನೆಯ ಕಂಪ್ಯೂಟರಿನಲ್ಲಿ ತಿಂಗಳ ಹೆಸರಿನ ಮಾದರಿಯೇ ಇದೆ, ಕಣ್ಣಿಗೆ ಅದು ಹಿತ.

ವಿಂಡೋಸ್ ಇರುವ ಸ್ವಂತ ಲ್ಯಾಪ್‌ಟಾಪಿನಲ್ಲಿ ಈ ಬದಲಾವಣೆಯನ್ನು ಮೇಲ್ ತಂತ್ರಾಂಶದಲ್ಲಿ ಅಲ್ಲ, ವಿಂಡೋಸಿನಲ್ಲೇ ಮಾಡಬೇಕು, ಏಕೆಂದರೆ ಮೈಕ್ರೋಸಾಫ್ಟಿನ ಮೇಲ್ ತಂತ್ರಾಂಶವಾದ ಔಟ್‌ಲುಕ್‌ನ ಹಳೆಯ ಬಗೆಯು ತಾರೀಖಿನ ಮಾದರಿಯನ್ನು ಅಲ್ಲಿಂದಲೇ ಎರವಲು ಪಡೆಯುತ್ತದೆ. ಕಂಟ್ರೋಲ್ ಪ್ಯಾನೆಲ್ ತೆರೆದು ರೀಜನ್ ಎಂಬುದಕ್ಕೆ ಹೋಗಿ, ಫಾರ್ಮ್ಯಾಟ್ಸ್ ಪುಟದ ಕೆಳಗಿರುವ ಅಡಿಷನಲ್ ಸೆಟ್ಟಿಂಗ್ಸ್ ಒತ್ತಿ, ಡೇಟ್ ಎಂಬ ಪುಟದಲ್ಲಿ ಶಾರ್ಟ್ ಡೇಟ್ ಚೌಕವನ್ನು ಹುಡುಕಿ. ಪಟ್ಟಿಯಲ್ಲಿರುವುದನ್ನೇ ಆರಿಸಬೇಕೆಂದಿಲ್ಲ, ಅದರೊಳಗೆ ಟೈಪ್ ಮಾಡಬಹುದು. ಎರಡು ಸಣ್ಣ ಡಿ, ಒಂದು ಅಡ್ಡಗೆರೆ, ಮೂರು ದೊಡ್ಡ ಎಂ, ಮತ್ತೊಂದು ಅಡ್ಡಗೆರೆ, ನಾಲ್ಕು ಸಣ್ಣ ವೈ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ತಾರೀಖು ತಿಂಗಳ ಹೆಸರಿನೊಂದಿಗೆ ಕಾಣುತ್ತದೆ. ಎಂ ಅಕ್ಷರದ ವಿಷಯದಲ್ಲಿ ಎಚ್ಚರ ಬೇಕು: ದೊಡ್ಡ ಎಂ ಎಂದರೆ ತಿಂಗಳು, ಸಣ್ಣ ಎಂ ಎಂದರೆ ನಿಮಿಷ. ಎರಡೇ ದೊಡ್ಡ ಎಂ ಹಾಕಿದರೆ ತಿಂಗಳು ಮತ್ತೆ ಅಂಕಿಯಾಗುತ್ತದೆ, ಮೂರು ಹಾಕಿದರೆ ಹೆಸರು ಚಿಕ್ಕದಾಗಿ ಬರುತ್ತದೆ, ನಾಲ್ಕು ಹಾಕಿದರೆ ಪೂರ್ತಿ ಬರುತ್ತದೆ. ಅಪ್ಲೈ ಒತ್ತಿದ ಮೇಲೆ ಔಟ್‌ಲುಕ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ. ಇಲ್ಲಿ ದೇಶವನ್ನು ಬದಲಿಸುವ ಇನ್ನೊಂದು ಆಯ್ಕೆ ಕಂಡರೆ ಅದನ್ನು ಮುಟ್ಟಬೇಡಿ, ತಾರೀಖಿನ ಮಾದರಿಗೂ ಅದಕ್ಕೂ ಸಂಬಂಧವಿಲ್ಲ. ಮಾದರಿಯ ಭಾಷೆಯಾಗಿ ಕನ್ನಡವನ್ನೇ ಆರಿಸಿಕೊಂಡರೆ ತಿಂಗಳ ಹೆಸರೂ ವಾರದ ಹೆಸರೂ ಕನ್ನಡ ಲಿಪಿಯಲ್ಲಿ ಬರುತ್ತವೆ. ಪರದೇಶದ ಮನೆಯಲ್ಲಿ ಬೆಳಗ್ಗೆ ಕಂಪ್ಯೂಟರ್ ತೆರೆದಾಗ ಸೋಮವಾರ ಎಂದು ಕಾಣುವುದು ಮನಸ್ಸಿಗೆ ಎಷ್ಟೋ ನೆಮ್ಮದಿ ಕೊಡುತ್ತದೆ.

ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಹೀಗೆ ಮಾಡಬೇಡಿ. ವಿಂಡೋಸಿನ ತಾರೀಖಿನ ಕ್ರಮವನ್ನು ಎಕ್ಸೆಲ್ ಕೂಡ ಅನುಸರಿಸುತ್ತದೆ. ನೀವು ದಿನ ಮೊದಲಿರುವ ಮಾದರಿಯನ್ನು ಇಟ್ಟುಕೊಂಡು, ಅಮೆರಿಕದ ಸಹೋದ್ಯೋಗಿ ಕಳುಹಿಸಿದ ಸಿಎಸ್‌ವಿ ಕಡತವನ್ನು (ಅಂಕಿಅಂಶಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಕಡತ) ತೆರೆದರೆ, ಅವರ ಮಾರ್ಚ್ ಎರಡು ನಿಮ್ಮಲ್ಲಿ ಫೆಬ್ರುವರಿ ಮೂರಾಗುತ್ತದೆ. ದಿನ ಹನ್ನೆರಡರ ಮೇಲಿದ್ದ ಸಾಲುಗಳನ್ನಂತೂ ಎಕ್ಸೆಲ್ ತಾರೀಖೆಂದೇ ಗುರುತಿಸದೆ ಬರಿಯ ಅಕ್ಷರವಾಗಿ ಬಿಟ್ಟುಬಿಡುತ್ತದೆ. ಲೆಕ್ಕದ ಕೆಲಸದಲ್ಲಿ ಇದು ದೊಡ್ಡ ಅನಾಹುತ. ಆದ್ದರಿಂದ ಅಲ್ಲಿ ಔಟ್‌ಲುಕ್‌ನೊಳಗೆ ಮಾತ್ರ ಬದಲಿಸಿ. ಹಳೆಯ ಬಗೆಯ ಔಟ್‌ಲುಕ್ ಆಗಿದ್ದರೆ ವ್ಯೂ, ವ್ಯೂ ಸೆಟ್ಟಿಂಗ್ಸ್, ಫಾರ್ಮ್ಯಾಟ್ ಕಾಲಮ್ಸ್ ಎಂದು ಸಾಗಿ, ರಿಸೀವ್ಡ್ ಎಂಬ ಕಾಲಮ್ ಆರಿಸಿದರೆ ಅದರ ಮಾದರಿ ಬೆಸ್ಟ್ ಫಿಟ್ ಎಂದಿರುತ್ತದೆ. ಅದನ್ನು ತೆಗೆದು ತಿಂಗಳ ಹೆಸರಿರುವ ಮಾದರಿಯೊಂದನ್ನು ಹಾಕಿ. ಈ ಬದಲಾವಣೆ ಆ ಒಂದು ಫೋಲ್ಡರಿಗಷ್ಟೇ ತಗಲುವುದರಿಂದ, ಚೇಂಜ್ ವ್ಯೂ ಪಟ್ಟಿಯಲ್ಲಿರುವ ಆಯ್ಕೆಯಿಂದ ಉಳಿದ ಫೋಲ್ಡರುಗಳಿಗೂ ಅನ್ವಯಿಸಬೇಕು. ಹೊಸ ಔಟ್‌ಲುಕ್ ಆಗಿದ್ದರೆ ಇನ್ನೂ ಸುಲಭ: ಸೆಟ್ಟಿಂಗ್ಸ್, ಜನರಲ್, ಲ್ಯಾಂಗ್ವೇಜ್ ಅಂಡ್ ಟೈಮ್ ಎಂಬಲ್ಲಿ ತಾರೀಖಿನ ಮಾದರಿ, ಗಂಟೆಯ ಮಾದರಿ ಮತ್ತು ಟೈಮ್ ಝೋನ್ ಮೂರೂ ಒಂದೇ ಕಡೆ ಸಿಗುತ್ತವೆ.

ಥಂಡರ್‌ಬರ್ಡ್ ಬಳಸುವವರಿಗೆ ಬೇರೊಂದು ತೊಡಕಿದೆ. ಸತ್ಯನಾರಾಯಣಪೇಟೆಯ ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಭಾರತದ ಕ್ರಮದಲ್ಲೇ ಇತ್ತು, ಪರದೆಯ ಮೂಲೆಯಲ್ಲಿ ದಿನವೇ ಮೊದಲು ಕಾಣುತ್ತಿತ್ತು. ಆದರೂ ಮೇಲ್‌ಗಳ ಪಟ್ಟಿಯಲ್ಲಿ ತಿಂಗಳು ಮೊದಲಾಗಿತ್ತು, ಏಕೆಂದರೆ ಅವಳು ಇಳಿಸಿಕೊಂಡದ್ದು ಅಮೆರಿಕದ ಇಂಗ್ಲಿಷಿನ ಥಂಡರ್‌ಬರ್ಡ್, ಅದು ತನ್ನ ಭಾಷೆಯ ಕ್ರಮವನ್ನೇ ಹಿಡಿದಿತ್ತು. ಸೆಟ್ಟಿಂಗ್ಸ್ ತೆರೆದು ಜನರಲ್ ಪುಟದಲ್ಲಿ ಕೆಳಗೆ ಸರಿದರೆ ಡೇಟ್ ಅಂಡ್ ಟೈಮ್ ಫಾರ್ಮ್ಯಾಟಿಂಗ್ ಎಂಬ ಭಾಗ ಸಿಗುತ್ತದೆ. ಅಲ್ಲಿ ಅಪ್ಲಿಕೇಷನ್ ಲೊಕೇಲ್ ಬದಲು ರೀಜನಲ್ ಸೆಟ್ಟಿಂಗ್ಸ್ ಲೊಕೇಲ್ ಎಂಬುದನ್ನು ಗುರುತು ಮಾಡಿದಾಗ ಥಂಡರ್‌ಬರ್ಡ್ ವಿಂಡೋಸಿನ ಮಾತು ಕೇಳತೊಡಗಿತು, ಆ 12/11/2025 ಎಂಬುದು ಕಣ್ಣೆದುರಿಗೇ 11-12-2025 ಆಯಿತು. ಆಮೇಲೆ ಮೇಲೆ ಹೇಳಿದಂತೆ ತಿಂಗಳ ಹೆಸರನ್ನೂ ತರಿಸಿದೆವು. ಇಂದಿನ ಮೇಲ್‌ಗಳಿಗೆ ಥಂಡರ್‌ಬರ್ಡ್ ಗಂಟೆಯನ್ನು ಮಾತ್ರ ತೋರಿಸುವುದು ನಿಮಗೆ ಸರಿಬರದಿದ್ದರೆ, ಅದೇ ಪುಟದ ಕೊನೆಯಲ್ಲಿರುವ ಕಾನ್ಫಿಗ್ ಎಡಿಟರ್ ತೆರೆದು ಡೇಟ್‌ಫಾರ್ಮ್ಯಾಟ್ ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಹುಡುಕಿ. ಟುಡೇ ಎಂದು ಕೊನೆಯಾಗುವ ಸಾಲಿನ ಬೆಲೆ 0 ಇದ್ದದ್ದನ್ನು 2 ಮಾಡಿದರೆ ಇಂದಿನವಕ್ಕೂ ತಾರೀಖು ಬರುತ್ತದೆ. ಆ ಜಾಗದಲ್ಲಿ ಬೇರೆ ಯಾವುದನ್ನೂ ಬದಲಿಸಬೇಡಿ.

ಮ್ಯಾಕ್ ಇರುವವರು ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಲ್ಯಾಂಗ್ವೇಜ್ ಅಂಡ್ ರೀಜನ್ ಎಂಬಲ್ಲಿ ಡೇಟ್ ಫಾರ್ಮ್ಯಾಟ್ ಬದಲಿಸಿಕೊಂಡರೆ ಆಯಿತು.

ಟೈಮ್ ಝೋನ್ ಕುರಿತು ಒಂದು ಮಾತು. ಚಳಿಗಾಲದಲ್ಲಿ ಬಳ್ಳಾರಿಯ ಗಡಿಯಾರ ಡಲ್ಲಾಸಿಗಿಂತ ಹನ್ನೊಂದೂವರೆ ಗಂಟೆ ಮುಂದಿರುತ್ತದೆ. ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹತ್ತೂವರೆ ಗಂಟೆಗೆ ಇಳಿಯುತ್ತದೆ. ಜನವರಿಯಲ್ಲಿ ಮೂರನೇ ತಾರೀಖಿನ ಬೆಳಗ್ಗೆ ಏಳಕ್ಕೆ ಮನೆಯವರು ಕಳುಹಿಸಿದ ಮೇಲ್ ನಿಮ್ಮಲ್ಲಿ ಎರಡನೇ ತಾರೀಖಿನ ಸಂಜೆ ಏಳೂವರೆ ಎಂದು ಕಾಣುತ್ತದೆ, ಅದು ಸರಿಯಾಗಿಯೇ ಇದೆ. ವಿಮಾನ ಇಳಿದ ಮೇಲೆ ಲ್ಯಾಪ್‌ಟಾಪಿನ ಗಡಿಯಾರ ಭಾರತದ ಸಮಯ ತೋರಿಸುತ್ತಿದ್ದರೆ ಟೈಮ್ ಝೋನ್ ಬದಲಿಸಿ, ಗಂಟೆಯ ಮುಳ್ಳನ್ನು ತಿರುಗಿಸಿದಂತೆ ಸಮಯವನ್ನು ಕೈಯಿಂದ ತಿದ್ದಬೇಡಿ. ಹಾಗೆ ತಿದ್ದಿದರೆ ನೀವು ಕಳುಹಿಸುವ ಪ್ರತಿಯೊಂದು ಮೇಲ್ ಕೂಡ ತಪ್ಪು ಸಮಯವನ್ನು ಹೊತ್ತುಕೊಂಡು ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಬದಲಾಗುವುದು ನಿಮ್ಮ ಪರದೆ ಮಾತ್ರ. ನೀವು ಮೇಲ್‌ನೊಳಗೆ ಕೈಯಾರೆ ಬರೆದ ಅಂಕಿಗಳನ್ನು ಯಾವ ತಂತ್ರಾಂಶವೂ ತಿರುಗಿಸಿ ಕೊಡುವುದಿಲ್ಲ. ನಾನು ಅಲ್ಲಿಗೆ ಹೋಗಿ ನಾಲ್ಕು ವರ್ಷಗಳಾದಾಗ ತಮ್ಮನಿಗೆ ಮೇಲ್ ಬರೆದು, 03/02ಕ್ಕೆ ಬೆಂಗಳೂರಿಗೆ ಬಂದು ಇಳಿಯುತ್ತೇನೆ ಎಂದು ತಿಳಿಸಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಮಾರ್ಚ್ ಎರಡು. ತಮ್ಮ ಫೆಬ್ರುವರಿ ಮೂರೆಂದು ಓದಿ, ಕಾರು ಗೊತ್ತುಮಾಡಿ, ಅವ್ವನನ್ನು ಕೂರಿಸಿಕೊಂಡು ಸಿರುಗುಪ್ಪದಿಂದ ರಾತ್ರಿಯೇ ಹೊರಟು, ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಕ್ರಮಿಸಿ ವಿಮಾನ ನಿಲ್ದಾಣದಲ್ಲಿ ಕಾದಿದ್ದ. ಫೋನ್ ಬಂದಾಗ ನಾನು ಡಲ್ಲಾಸಿನಲ್ಲಿ ಊಟಕ್ಕೆ ಕುಳಿತಿದ್ದೆ. ಅವ್ವ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಅವರಿಬ್ಬರೂ ವಾಪಸು ಬರುವ ದಾರಿಯಲ್ಲಿ ತಿಂದರಂತೆ.

ಅಂದಿನಿಂದ ಮನೆಗಾಗಲಿ ಕಚೇರಿಗಾಗಲಿ ಬರೆಯುವಾಗ "2 ಮಾರ್ಚ್ 2026, ಸೋಮವಾರ" ಎಂದು ತಿಂಗಳನ್ನು ಹೆಸರಿನಲ್ಲಿ, ವಾರದೊಂದಿಗೆ ಬರೆಯುತ್ತೇನೆ. ವಾರವನ್ನೂ ಸೇರಿಸಿದರೆ, ಅಂಕಿಯನ್ನು ತಪ್ಪಾಗಿ ಟೈಪ್ ಮಾಡಿದ್ದರೂ ಓದುವವರು ಕ್ಯಾಲೆಂಡರ್ ನೋಡಿ ಹಿಡಿದುಬಿಡುತ್ತಾರೆ. ಥಂಡರ್‌ಬರ್ಡಿನಲ್ಲಿ ಉತ್ತರ ಬರೆಯುವಾಗ, ಇಂಥ ತಾರೀಖಿಗೆ ಇಂಥವರು ಹೀಗೆ ಬರೆದಿದ್ದರು ಎಂಬ ಸಾಲನ್ನು ಅದು ತಾನೇ ಸೇರಿಸುತ್ತದೆ, ಅದರಲ್ಲಿ ನಿಮ್ಮ ಪರದೆಯ ಮಾದರಿಯೇ ಹೋಗುತ್ತದೆ. ತಿಂಗಳ ಹೆಸರನ್ನು ಒಮ್ಮೆ ಇಟ್ಟುಕೊಂಡರೆ ಆ ಸಾಲನ್ನು ಬಳ್ಳಾರಿಯಲ್ಲಿ ಓದಿದರೂ ಡಲ್ಲಾಸಿನಲ್ಲಿ ಓದಿದರೂ ಒಂದೇ ಅರ್ಥ ಬರುತ್ತದೆ.