ಲಿವರ್ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಅಳೆಯುವಾಗ

ಉರಿಯೂತ ಬಂದ ಲಿವರ್ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಏರುತ್ತದೆ. ಅದನ್ನು ನೋಡಲು ಡಿಎಎಫ್-ಎಫ್‌ಎಂ ಡೈಅಸಿಟೇಟ್ ಬಳಸಿ; ನೈಟ್ರಿಕ್ ಆಕ್ಸೈಡ್ ತಾಗಿದರೆ ಹಸಿರಾಗಿ ಹೊಳೆಯುವ ಬಣ್ಣ ಇದು.

ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಇದರ 5 ಮಿಲಿಮೋಲಾರ್ ದ್ರಾವಣ ಮಾಡಿ, ಸಣ್ಣ ಟ್ಯೂಬುಗಳಿಗೆ ಹಂಚಿ, ಬೆಳಕು ತಾಗದಂತೆ ಮೈನಸ್ 20 ಡಿಗ್ರಿಯಲ್ಲಿಡಿ. ಸೀರಮ್, ಫಿನಾಲ್ ರೆಡ್ (ಆಮ್ಲೀಯತೆ ತೋರಿಸುವ ಬಣ್ಣ) ಎರಡೂ ಇಲ್ಲದ 2 ಮಿ.ಲೀ. ಬಫರ್‌ಗೆ ಅದರ 2 ಮೈಕ್ರೋಲೀಟರ್ ಬೆರೆಸಿದರೆ 5 ಮೈಕ್ರೋಮೋಲಾರ್ ಆಯಿತು. ತೊಳೆದ ಕೋಶಗಳ ಮೇಲೆ ಹಾಕಿ 37 ಡಿಗ್ರಿಯಲ್ಲಿ 30 ನಿಮಿಷ ಬಿಡಿ. ಮತ್ತೆ ತೊಳೆದು 20 ನಿಮಿಷ ಕಾಯಿರಿ. ಒಳಗಿನ ಎಸ್ಟರೇಸ್ ಕಿಣ್ವ ಅಸಿಟೇಟನ್ನು ಕಳಚಲು ಅಷ್ಟು ಹೊತ್ತು ಬೇಕು. 495 ನ್ಯಾನೋಮೀಟರ್ ಬೆಳಕು ಕೊಟ್ಟು 515ರ ಸುತ್ತ ಓದಿ.

ಹೆಚ್ಚಿನವರು ಎಡವುವುದು ಇಲ್ಲೇ: ಲಿವರ್ ತಾನಾಗಿಯೇ ಹೊಳೆಯುವ ಅಂಗ. ಕೋಶದಲ್ಲೇ ಇರುವ ಫ್ಲೇವಿನ್ (ಬಿ2 ವಿಟಮಿನ್ ಗುಂಪಿನ ಅಣು), ಲಿಪೊಫಸ್ಸಿನ್ (ವಯಸ್ಸಾದಂತೆ ಸೇರುವ ವರ್ಣಕ) ಎರಡೂ ಹಸಿರು ಚಾನೆಲ್‌ನಲ್ಲೇ ಕಾಣುತ್ತವೆ. ಕೋಶಕೇಂದ್ರದ ಪಕ್ಕದಲ್ಲಿ ಒರಟು ಚುಕ್ಕೆಗಳು ಕಂಡರೆ ಮೊದಲು ಲಿಪೊಫಸ್ಸಿನ್ ಎಂದೇ ಅನುಮಾನಿಸಿ. ಬಣ್ಣ ಹಾಕದ ಡಿಶ್ ಒಂದು, ಎಲ್-ನೇಮ್ ಎಂಬ ಪ್ರತಿಬಂಧಕ ಕೊಟ್ಟು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ತಡೆದ ಡಿಶ್ ಇನ್ನೊಂದು ಇಲ್ಲದೆ ಚಿತ್ರವನ್ನು ನಂಬಲೇಬೇಡಿ.

ಇನ್ನೊಂದು ಮಾತು. ಈ ಬಣ್ಣ ಒಮ್ಮೆ ಬೆಳಗಿದರೆ ಹಿಂದಿರುಗದು. ನೈಟ್ರಿಕ್ ಆಕ್ಸೈಡ್ ಇಳಿದರೂ ಹೊಳಪು ಇಳಿಯುವುದಿಲ್ಲ. ಆಸ್ಕಾರ್ಬೇಟ್ (ವಿಟಮಿನ್ ಸಿ) ಇದ್ದರೆ ಲೆಕ್ಕ ಇನ್ನಷ್ಟು ತಪ್ಪುತ್ತದೆ.